ಹುಲ್ಲಿನ ಮೇಲೊಂದು ಬೀಸುಕಲ್ಲು

ಲಂಡನ್ನಿನ ಆಗ್ನೇಯಕ್ಕೆ, ಒಂದು ಕಾಲಕ್ಕೆ ಕೆಂಟ್ ಸೀಮೆಗೆ ಸೇರಿದ್ದ ಡೌನ್ ಎಂಬ ಹಳ್ಳಿಯಲ್ಲಿ ಒಂದು ದೊಡ್ಡ ಹಳೆಯ ಮನೆಯಿದೆ. ಅದರ ಹಿತ್ತಲ ಹುಲ್ಲುಹಾಸಿನಲ್ಲಿ ದುಂಡಗಿನ ಕಲ್ಲೊಂದು ಅಂಗಾತ ಮಲಗಿದೆ. ಅಗಲ ಸುಮಾರು ಒಂದೂವರೆ ಅಡಿ, ನಡುವೆ ತೂತು. ನಮ್ಮ ಕಡೆಯ ಅಜ್ಜಿಯೊಬ್ಬರು ಕಂಡರೆ, ಯಾರದೋ ಬೀಸುಕಲ್ಲಿನ ಒಂದು ಹೋಳು ಇಲ್ಲಿ ಬಿದ್ದುಕೊಂಡಿದೆಯಲ್ಲ, ಇದರ ಜೋಡಿ ಎಲ್ಲಿ ಎಂದು ಕೇಳಿಯಾರು. ಆದರೆ ಇದನ್ನು ಬೀಸಲೆಂದು ತಂದಿಟ್ಟಿಲ್ಲ. ಮುಳುಗಲಿ ಎಂದು ಇಟ್ಟದ್ದು. ನೀರಿನಲ್ಲಲ್ಲ, ನೆಲದಲ್ಲಿ.

ಕಲ್ಲು ಹೂಡಿದವನು ಹೊರೇಸ್. ಅದು ಎಷ್ಟು ಮುಳುಗುತ್ತದೆಂದು ತಿಳಿಯುವ ಹಂಬಲ ಹಚ್ಚಿದವನು ಅವನ ಅಪ್ಪ, ಚಾರ್ಲ್ಸ್ ಡಾರ್ವಿನ್.

ಡಾರ್ವಿನ್ ಎಂದೊಡನೆ ನಮ್ಮ ಕಣ್ಣ ಮುಂದೆ ಹಡಗು, ಗಲಪಗಾಸ್ ದ್ವೀಪ, ದೈತ್ಯ ಆಮೆಗಳು ಬರುತ್ತವೆ. ಆದರೆ ಬೀಗಲ್ ಹಡಗಿನ ಯಾನ ಐದು ವರ್ಷದ ಮಾತು, 1836ಕ್ಕೆ ಮುಗಿಯಿತು. ಆಮೇಲೆ ಆತ ಬ್ರಿಟನ್ ಬಿಟ್ಟು ಹೊರಗೆ ಕಾಲಿಡಲಿಲ್ಲ. 1842ರ ಸೆಪ್ಟೆಂಬರಿನಲ್ಲಿ ಹೆಂಡತಿ ಎಮ್ಮಾಳೊಂದಿಗೆ ಈ ಮನೆಗೆ ಬಂದು, 1882ರಲ್ಲಿ ಕಣ್ಣುಮುಚ್ಚುವವರೆಗೆ ಇಲ್ಲೇ ಇದ್ದ. ದಂಪತಿಗೆ ಹುಟ್ಟಿದ ಮಕ್ಕಳು ಹತ್ತು, ಬೆಳೆದು ದೊಡ್ಡವರಾದವರು ಏಳು. ಮೆಟ್ಟಿಲ ಮೇಲೆ ಇಟ್ಟು ಜಾರಲೆಂದೇ ಮರದ ಹಲಗೆಯೊಂದು ಆ ಮನೆಯಲ್ಲಿತ್ತು. ಜೀವಜಗತ್ತಿನ ಕಲ್ಪನೆಯನ್ನೇ ತಿರುವಿಹಾಕಿದ ‘ಜೀವಿಗಳ ಉಗಮ’ದ ಹಸ್ತಪ್ರತಿಯ ಹಾಳೆಗಳಲ್ಲಿ ಕೆಲವು ಉಳಿದುಕೊಂಡಿರುವುದೇ ಮಕ್ಕಳು ಅವುಗಳ ಬೆನ್ನ ಮೇಲೆ ಚಿತ್ರ ಬಿಡಿಸಿದ್ದರಿಂದ. ಇಂಥ ಮನೆಯಲ್ಲಿ ಅಪ್ಪನ ಪ್ರಯೋಗಶಾಲೆ ಎಲ್ಲಿ ಮುಗಿಯಿತು, ಮಕ್ಕಳ ಆಟದ ಬಯಲು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ರಜೆ ಬಂತೆಂದರೆ ಮಕ್ಕಳೊಡನೆ ಹಿತ್ತಲಲ್ಲಿ ಏನು ಮಾಡೋಣ ಎಂದು ಕೇಳುವ ತಂದೆತಾಯಂದಿರು ಬಹಳ. ಅದಕ್ಕೆಂದೇ ಅಂಗಡಿಯಲ್ಲಿ ಪೆಟ್ಟಿಗೆಗಳು ಸಿಗುತ್ತವೆ. ತಿಂಡಿ ತಿಂದು ಶುರುಮಾಡಿದರೆ ಊಟದ ಹೊತ್ತಿಗೆ ಮುಗಿಯುತ್ತವೆ. ಸಂಜೆಗೆ ಮರೆತೂ ಹೋಗುತ್ತವೆ. ನನಗೆ ಹಿತ್ತಲಿನ ಆಟಗಳಲ್ಲಿ ಪ್ರೀತಿ ಇರುವುದು ಒಂದೇ ದಿನಕ್ಕೆ ಮುಗಿಯದ ಆಟಗಳ ಮೇಲೆ. ಡೌನ್ ಮನೆಯ ಆಟಗಳೆಲ್ಲ ಆ ಜಾತಿಯವು. ಅವಕ್ಕೆ ಬೇಕಾದದ್ದು ಗುರುತಿಗೊಂದು ಕಡ್ಡಿ, ಲೆಕ್ಕಕ್ಕೊಂದು ಪುಸ್ತಕ, ಜೊತೆಗೆ ನಾಳೆಯೂ ಬಂದು ನೋಡುತ್ತೇನೆಂಬ ಮನಸ್ಸು.

ಆದರೂ ಮಕ್ಕಳ ತಾಳ್ಮೆಯನ್ನು ಮೊದಲ ದಿನವೇ ಪರೀಕ್ಷೆಗೆ ಒಡ್ಡಬಾರದು. ಆದ್ದರಿಂದ ಒಂದು ವಾರದಲ್ಲಿ ಫಲ ಕೊಡುವ ಆಟದಿಂದ ಶುರುಮಾಡೋಣ. ಇದು ಡಾರ್ವಿನ್ ಮನೆಯದಲ್ಲ.

ಹುಲ್ಲಿನ ಮೇಲೆ ನಾಲ್ಕು ದಿನ ಇಟ್ಟಿಗೆ ಬಿಟ್ಟು ಎತ್ತಿದರೆ ಅಡಿಯಲ್ಲಿ ಹಳದಿ ಚೌಕ ಕಾಣುವುದು ಎಲ್ಲರಿಗೂ ಗೊತ್ತು. ಹಾಗಾದರೆ ಇಟ್ಟಿಗೆಯ ಬದಲು ಅಕ್ಷರವನ್ನೇ ಇಟ್ಟರೆ? ದಪ್ಪ ರಟ್ಟಿನಲ್ಲಿ ಮಗುವಿನ ಹೆಸರಿನ ಅಕ್ಷರಗಳನ್ನು ಮೊಳದುದ್ದಕ್ಕೆ ಕತ್ತರಿಸಿ, ಗರಿಕೆಯ ಮೇಲೆ ಹರಡಿ, ಹಾರದಂತೆ ಕಲ್ಲು ಹೇರಿಡಿ. ಎರಡು ದಿನಕ್ಕೊಮ್ಮೆ ಮೂಲೆ ಎತ್ತಿ ನೋಡಿ. ವಾರದೊಳಗೆ ಹಸಿರು ಹಾಳೆಯ ಮೇಲೆ ಹಳದಿ ಅಕ್ಷರದಲ್ಲಿ ಹೆಸರು ಮೂಡಿರುತ್ತದೆ. ಹೆಚ್ಚು ದಿನ ಬಿಟ್ಟರೆ ಹುಲ್ಲು ಸತ್ತೇಹೋದೀತು, ಎಚ್ಚರ.

ಎಲೆಯ ಹಸಿರು ಒಮ್ಮೆ ಬಳಿದ ಸುಣ್ಣಬಣ್ಣದಂತಲ್ಲ. ಪತ್ರಹರಿತ್ತು ಸದಾ ಒಡೆಯುತ್ತಲೂ ಹೊಸದಾಗಿ ತಯಾರಾಗುತ್ತಲೂ ಇರುತ್ತದೆ. ಹೂಬಿಡುವ ಸಸ್ಯಗಳಲ್ಲಿ ಆ ತಯಾರಿಯ ಕೊನೆಯ ಹಂತವೊಂದಕ್ಕೆ ಬೆಳಕು ಬೇಕೇ ಬೇಕು. ರಟ್ಟಿನ ಅಡಿಯ ಕತ್ತಲಲ್ಲಿ ಒಡೆಯುವ ಕೆಲಸ ಸಾಗುತ್ತದೆ, ಕಟ್ಟುವ ಕೆಲಸ ನಿಲ್ಲುತ್ತದೆ. ಹಸಿರು ತೆಗೆದ ಮೇಲೆ ಮೊದಲಿನಿಂದಲೂ ಅದರ ಮರೆಯಲ್ಲಿದ್ದ ಹಳದಿ ವರ್ಣಕಗಳು ಬಯಲಾಗುತ್ತವೆ. ಮಗು ಅಲ್ಲಿ ಹಳದಿ ಬಳಿದಿಲ್ಲ, ಹಸಿರನ್ನು ಕಳೆದಿದೆ ಅಷ್ಟೆ.

ಹೆದರ್ ಆಕ್ರಾಯ್ಡ್ ಮತ್ತು ಡ್ಯಾನ್ ಹಾರ್ವಿ ಎಂಬ ಇಂಗ್ಲೆಂಡಿನ ಕಲಾವಿದ ಜೋಡಿ ಇದೇ ಗುಟ್ಟಿನಿಂದ ದೊಡ್ಡ ದೊಡ್ಡ ಭಾವಚಿತ್ರಗಳನ್ನು ಬೆಳೆಸುತ್ತಾರೆ. ನೆಟ್ಟಗೆ ನಿಲ್ಲಿಸಿದ ಬಟ್ಟೆಗೆ ಜೇಡಿಮಣ್ಣು ಮೆತ್ತಿ, ಹುಲ್ಲಿನ ಬೀಜ ಒತ್ತಿ, ಕತ್ತಲ ಕೋಣೆಯಲ್ಲಿ ಅದರ ಮೇಲೆ ಛಾಯಾಚಿತ್ರದ ನೆಗೆಟಿವ್ ಬಿಂಬ ಬೀಳಿಸುತ್ತಾರೆ. ಬೆಳಕು ಬಿದ್ದಲ್ಲಿ ಹಸಿರು, ಬೀಳದಲ್ಲಿ ಹಳದಿ. ನಡುವಿನ ಛಾಯೆಗಳೆಲ್ಲ ಹುಲ್ಲಿನಲ್ಲೇ ಮೂಡುತ್ತವೆ. ಅವರ ಚಿಂತೆ ಒಂದೇ ಆಗಿತ್ತು: ಹುಲ್ಲು ಒಣಗಿದಂತೆ ಹಸಿರು ಒಡೆದು ಚಿತ್ರ ಅಳಿಸಿಹೋಗುತ್ತಿತ್ತು. ವೇಲ್ಸ್‌ನ ಅಬರಿಸ್ತ್ವಿತ್‌ನ ಹುಲ್ಲು ವಿಜ್ಞಾನಿಗಳ ಬಳಿ ಅದಕ್ಕೆ ಮದ್ದಿತ್ತು. ಮುಪ್ಪಾದರೂ ಹಸಿರು ಬಿಡದ ಒಂದು ಹುಲ್ಲಿನ ತಳಿ ಅವರಲ್ಲಿತ್ತು. ಅದರಲ್ಲಿ ಪತ್ರಹರಿತ್ತನ್ನು ಒಡೆಯುವ ವ್ಯವಸ್ಥೆಯೇ ಕೆಟ್ಟಿದೆ. ಆ ಕೆಟ್ಟ ಜೀನನ್ನು ಬೆನ್ನುಹತ್ತಿದವರಿಗೆ 2007ರಲ್ಲಿ ಗೊತ್ತಾದ ಸಂಗತಿ ನನಗೆ ಇಂದಿಗೂ ರೋಮಾಂಚನ. ಬ್ರುನೊ ಊರಿನ ಮಠದ ಹಿತ್ತಲಲ್ಲಿ ಗ್ರೆಗರ್ ಮೆಂಡೆಲ್ ಬಟಾಣಿ ಬೆಳೆದು, ಹಳದಿ ಕಾಳೆಷ್ಟು ಹಸಿರು ಕಾಳೆಷ್ಟು ಎಂದು ಎಣಿಸಿದ್ದನಲ್ಲ, ಆ ಹಸಿರು ಕಾಳಿನ ಹಿಂದೆ ಇದ್ದದ್ದೂ ಇದೇ ಜೀನು. ಬಟಾಣಿ ಮಾಗಿದಾಗ ಒಡೆಯಬೇಕಾಗಿದ್ದ ಹಸಿರು ಅಲ್ಲೂ ಒಡೆಯದೆ ಉಳಿದಿತ್ತು.

ಈಗ ಡೌನ್‌ಗೆ ಮರಳೋಣ. 1857ರ ಜನವರಿ. ಹಿತ್ತಲ ಒಂದು ಮೂಲೆಯಲ್ಲಿ ಡಾರ್ವಿನ್ ಮೂರು ಅಡಿ ಉದ್ದ ಎರಡು ಅಡಿ ಅಗಲದ ಜಾಗ ಅಗೆಸಿ, ಇದ್ದ ಗಿಡವೆಲ್ಲ ಕಿತ್ತು ಬರಿದು ಮಾಡಿದ. ಅದರಲ್ಲಿ ಏನನ್ನೂ ಬಿತ್ತಲಿಲ್ಲ. ತಾನಾಗಿ ಹುಟ್ಟುವ ಕಳೆಯ ಒಂದೊಂದು ಮೊಳಕೆಗೂ ಕಂಡ ದಿನವೇ ಗುರುತು ಹಾಕುತ್ತ ಹೋದ. ಯಾವುದು ಯಾವ ವಯಸ್ಸಿನಲ್ಲಿ ಸಾಯುತ್ತದೆ ಎಂದು ತಿಳಿಯುವುದಷ್ಟೇ ಆಸೆ. ಹುಟ್ಟಿದ ಮೊಳಕೆ 357. ಅದರಲ್ಲಿ 295 ಸತ್ತವು; ಹೆಚ್ಚಿನವನ್ನು ತಿಂದು ಮುಗಿಸಿದ್ದು ಚಿಪ್ಪಿಲ್ಲದ ಬಸವನಹುಳು ಮತ್ತು ಕೀಟಗಳು. ಒಂದು ಚಾಪೆಯಷ್ಟೂ ಇಲ್ಲದ ನೆಲದಲ್ಲಿ ಆರರಲ್ಲಿ ಐದು ಜೀವ ಹೋಗಿದ್ದವು, ಪಕ್ಕದಲ್ಲೇ ಮಕ್ಕಳು ಆಡಿಕೊಂಡಿದ್ದರು.

ಎರಡು ವರ್ಷದ ನಂತರ ಬಂದ ‘ಜೀವಿಗಳ ಉಗಮ’ದ ಮೂರನೆಯ ಅಧ್ಯಾಯದಲ್ಲಿ ಈ ಲೆಕ್ಕ ಇದೆ. ಅದರ ಬೆನ್ನಲ್ಲೇ ಹುಲ್ಲುಹಾಸಿನ ಇನ್ನೊಂದು ಲೆಕ್ಕವೂ ಇದೆ. ಕತ್ತರಿಸುತ್ತಲೇ ಬಂದಿದ್ದ ಹುಲ್ಲಿನಲ್ಲಿ ಮೂರು ಅಡಿಗೆ ನಾಲ್ಕು ಅಡಿ ತುಂಡೊಂದನ್ನು ಕತ್ತರಿಸದೆ ಹಾಗೇ ಬಿಟ್ಟರೆ ಏನಾದೀತು? ಅಲ್ಲಿ ಮೊದಲಿದ್ದದ್ದು ಇಪ್ಪತ್ತು ಜಾತಿಯ ಸಸ್ಯ. ಎಲ್ಲವೂ ಮನಸ್ಸಿಗೆ ಬಂದಂತೆ ಬೆಳೆಯಲು ಬಿಟ್ಟಾಗ ಒಂಬತ್ತು ಜಾತಿ ಅಳಿದವು. ಎತ್ತರದವು ಗಿಡ್ಡವನ್ನು ಕತ್ತಲಿಗೆ ತಳ್ಳಿದ್ದವು. ಕತ್ತರಿಯೇ ಆ ಒಂಬತ್ತಕ್ಕೆ ಅಷ್ಟು ದಿನ ಕಾವಲಾಗಿತ್ತು ಎಂದಾಯಿತು. ಬುಡಮೇಲಾಗಿ ಕೇಳಿಸುತ್ತದೆ, ಆದರೆ ಹುಲ್ಲಿನ ಮೈಕಟ್ಟನ್ನು ನೋಡಿದರೆ ಅರ್ಥವಾಗುತ್ತದೆ. ಹೆಚ್ಚಿನ ಗಿಡಗಳು ಬೆಳೆಯುವುದು ತುದಿಯಿಂದ. ತುದಿ ಚಿವುಟಿದರೆ ತಡವರಿಸುತ್ತವೆ. ಹುಲ್ಲಿನ ಎಲೆ ಬೆಳೆಯುವುದು ಬುಡದಿಂದ. ಹಸು ಮೇಯ್ದರೂ ಯಂತ್ರ ಕತ್ತರಿಸಿದರೂ ಬೆಳೆಯುವ ಭಾಗ ನೆಲಕ್ಕಂಟಿ ಕ್ಷೇಮವಾಗಿರುತ್ತದೆ. ನಮ್ಮ ಗರಿಕೆ ಇನ್ನೂ ಒಂದು ಹೆಜ್ಜೆ ಮುಂದೆ: ನೆಲದ ಮೇಲೆ ಬಳ್ಳಿ ಹರಿಸುತ್ತದೆ, ನೆಲದೊಳಗೂ ಕಾಂಡ ಓಡಿಸುತ್ತದೆ. ಕತ್ತರಿಯ ಭಯ ಅದಕ್ಕಿಲ್ಲ, ನೆರಳಿನ ಭಯವಿದೆ.

ಈ ಎರಡೂ ಆಟಕ್ಕೆ ನಮ್ಮಲ್ಲಿ ರೋಹಿಣಿ ಮಳೆ ಬಿದ್ದ ಮರುವಾರ ಒಳ್ಳೆಯ ಮುಹೂರ್ತ. ಎರಡು ಚೌಕ ಸಾಕು, ಒಂದನ್ನು ಬರಿದು ಮಾಡಿ, ಇನ್ನೊಂದನ್ನು ಕತ್ತರಿಸದೆ ಬಿಡಿ. ಮೊಳಕೆಯ ಗುರುತಿಗೆ ದೇವರ ಮುಂದೆ ಉರಿದು ಉಳಿದ ಊದಿನಕಡ್ಡಿಯ ಬಿದಿರು ತುಂಡುಗಳಿಗಿಂತ ಒಳ್ಳೆಯದು ಬೇರೆ ಇಲ್ಲ. ಮೊದಲ ವಾರದ ಮೊಳಕೆಗಳ ಕಡ್ಡಿಗೆ ಕೆಂಪು ದಾರ, ಎರಡನೆಯ ವಾರಕ್ಕೆ ನೀಲಿ, ಹೀಗೆ ಕಟ್ಟಿದರೆ ವಯಸ್ಸು ತಾನಾಗಿ ತಿಳಿಯುತ್ತದೆ. ನೆಲನೆಲ್ಲಿ, ಗೋಣಿಸೊಪ್ಪು, ಪುಳ್ಳಂಪುರಚಿ, ಒಂದೆಲಗ, ಮುಟ್ಟಿದರೆ ಮುನಿ, ಉತ್ತರಾಣಿ, ಯಾರು ಕಿತ್ತರೂ ಗಡ್ಡೆಯಿಂದ ಮತ್ತೆ ತಲೆಯೆತ್ತುವ ಕೊನ್ನಾರಿ, ಯಾವ ಯಾವುದು ಬಂತೆಂದು ಹೆಸರು ಹಿಡಿಯಲು ಮನೆಯ ಹಿರಿಯರನ್ನು ಕೂರಿಸಿಕೊಳ್ಳಿ. ಈ ಆಟದಲ್ಲಿ ಅವರಷ್ಟು ಬಲ್ಲವರು ಸಿಗರು. ಬೆಳೆಯಲು ಬಿಟ್ಟ ಹುಲ್ಲಿನಲ್ಲಿ ಹಾವು ಬಂದೀತೆಂದು ಅಮ್ಮಂದಿರು ಹೇಳುವ ಮಾತಿನಲ್ಲಿ ಹುರುಳಿದೆ. ಚೌಕವನ್ನು ಬಾಗಿಲು, ದಾರಿಗಳಿಂದ ದೂರ ಇಡಿ. ಬಗ್ಗುವ ಮೊದಲು ಕೋಲಿನಿಂದ ತಟ್ಟಿ ನೋಡುವ ಅಭ್ಯಾಸ ಮಾಡಿಸಿ.

ಹೆಸರು ಹಿಡಿಯುವ ಸುಖ ಡಾರ್ವಿನ್‌ಗೂ ತಡವಾಗಿಯೇ ಹತ್ತಿದ್ದು. 1855ರ ಬೇಸಗೆಯಲ್ಲಿ ಮಕ್ಕಳ ಶಿಕ್ಷಕಿ ಮಿಸ್ ಥಾರ್ಲಿಯೊಂದಿಗೆ ಆತ ಹದಿನೈದು ವರ್ಷದಿಂದ ಬೀಳುಬಿದ್ದಿದ್ದ ಪಕ್ಕದ ಹೊಲದ ಗಿಡಗಳನ್ನೆಲ್ಲ ಸಂಗ್ರಹಿಸಲು ಕೂತ. ಆಗ ವಯಸ್ಸು ನಲವತ್ತಾರು, ಜಗತ್ತು ಸುತ್ತಿ ಬಂದ ಪ್ರಕೃತಿ ವಿಜ್ಞಾನಿ. ತನ್ನ ಜೀವನದ ಮೊದಲ ಹುಲ್ಲನ್ನು ಸ್ವತಃ ಗುರುತಿಸಿದ ದಿನ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ ಶಾಲೆಯ ಹುಡುಗನಂತೆ ಕುಣಿದಾಡಿದ್ದಾನೆ. ಹುಲ್ಲು ಅಷ್ಟು ಕಠಿಣ.

ಅದೇ ವರ್ಷ ಮನೆಯಲ್ಲಿ ಉಪ್ಪುನೀರಿನ ಬಾಟಲಿಗಳ ಸಾಲು. ಕಡಲಲ್ಲಿ ತೇಲಿಬಂದ ಬೀಜ ಹುಟ್ಟುತ್ತದೆಯೇ ಎಂಬುದು ಪ್ರಶ್ನೆ. ಹುಟ್ಟುವುದಿಲ್ಲ ಎಂಬುದು ಹೂಕರ್‌ನ ಅನುಮಾನ. ಹೂಕರ್ ಸಾಹೇಬರನ್ನು ಸೋಲಿಸುತ್ತೀಯಾ ಅಪ್ಪಾ ಎಂದು ಮಕ್ಕಳು ಮೇಲಿಂದ ಮೇಲೆ ಕೇಳುತ್ತಿದ್ದರಂತೆ. ಅಪ್ಪ ಗೆದ್ದ. 87 ಬಗೆಯ ಬೀಜಗಳಲ್ಲಿ 64 ಬಗೆ 28 ದಿನ ಉಪ್ಪುನೀರಿನಲ್ಲಿ ನೆನೆದೂ ಮೊಳೆತವು.

ಇದರ ಜೊತೆಗಿನ ಇನ್ನೊಂದು ಪ್ರಯೋಗ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಒಂದು ಫೆಬ್ರುವರಿಯಲ್ಲಿ ಸಣ್ಣ ಕೊಳದ ಅಂಚಿನ ಮೂರು ಕಡೆ ನೀರಿನಡಿಯಿಂದ ಡಾರ್ವಿನ್ ಮೂರು ದೊಡ್ಡ ಚಮಚ ಕೆಸರು ತೆಗೆದ. ಅದೆಲ್ಲ ಒಂದು ಬಟ್ಟಲಿನಲ್ಲಿ ಹಿಡಿಯಿತು. ಅದನ್ನು ಓದುವ ಕೋಣೆಯಲ್ಲಿ ಮುಚ್ಚಿಟ್ಟು ಆರು ತಿಂಗಳು ಕಾದ. ಮೊಳೆತದ್ದನ್ನು ಮೊಳೆತಂತೆ ಕಿತ್ತು ಎಣಿಸಿದ. ಒಟ್ಟು 537 ಗಿಡ! ನೀರುಹಕ್ಕಿಯ ಕಾಲಿಗೆ ಮೆತ್ತಿದ ಚೂರು ಕೆಸರು ಎಷ್ಟು ದೂರಕ್ಕೆ ಎಷ್ಟು ಗಿಡ ಹೊತ್ತೊಯ್ಯಬಲ್ಲದು ಎಂಬುದಕ್ಕೆ ಆ ಬಟ್ಟಲು ಸಾಕ್ಷಿ. ನಮ್ಮ ಊರ ಕೆರೆಯ ಅಂಚಿನ ಗೋಡು ಒಂದು ಬಟ್ಟಲು ತಂದು, ಗಾಜಿನ ತಟ್ಟೆ ಮುಚ್ಚಿ, ಕಿಟಕಿಯ ಬಳಿ ಇಡಬಹುದು. ನೀರಿಗೆ ಮಕ್ಕಳು ಇಳಿಯದಿರಲಿ, ದೊಡ್ಡವರೇ ತರಲಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿದವರು ಈ ಬಟ್ಟಲನ್ನು ಬೇರೆಯೇ ಕಣ್ಣಿನಿಂದ ನೋಡಿಯಾರು.

ಡೌನ್ ಮನೆಯ ಆಟಗಳಲ್ಲೆಲ್ಲ ನನಗೆ ಅತಿ ಇಷ್ಟವಾದದ್ದು ದುಂಬಿಯ ಬೆನ್ನಟ್ಟಿದ ಕಥೆ. 1854ರ ಸೆಪ್ಟೆಂಬರಿನ ಒಂದು ದಿನ ಮಕ್ಕಳಲ್ಲೊಬ್ಬ ಎತ್ತರದ ಮರವೊಂದರ ಬುಡದ ಪೊಟರೆಗೆ ದುಂಬಿಗಳು ಹೋಗುವುದನ್ನು ಕಂಡ. ಮೈತುಂಬ ರೋಮದ ಬಂಬಲ್‌ಬೀ ಜಾತಿಯ ದುಂಬಿ ಅದು. ಅಲ್ಲಿ ಗೂಡಿರಬೇಕೆಂದು ಅಪ್ಪ ಹೋಗಿ ನೋಡಿದರೆ ಗೂಡಿಲ್ಲ. ನೋಡುತ್ತಿರುವಾಗಲೇ ಒಂದು ದುಂಬಿ ಬಂತು, ಪೊಟರೆಯ ಬಳಿ ಗುಂಯ್‌ಗುಟ್ಟಿತು, ಹೊರಟಿತು. ಸ್ವಲ್ಪದರಲ್ಲಿ ಇನ್ನೊಂದು ಬಂದು ಹಾಗೆಯೇ ಮಾಡಿತು. ಎಲ್ಲವೂ ಗಂಡು. ಒಂದರ ಹಿಂದೆ ಒಂದರಂತೆ ಒಂದೇ ದಾರಿ ಹಿಡಿದು ಹೋಗುತ್ತ, ಅದೇ ಎಲೆ, ಅದೇ ಕೊಂಬೆ, ಅದೇ ಬೇಲಿಸಂದಿಯ ಬಳಿ ಕೆಲವು ಕ್ಷಣ ತೂಗಾಡಿ ಮುಂದಕ್ಕೆ ಹಾರುತ್ತಿದ್ದವು.

ಹಾರುವ ದುಂಬಿಯ ಹಿಂದೆ ಓಡಲು ಒಬ್ಬ ಮನುಷ್ಯನಿಂದಾಗದು. ಆದರೆ ಮನೆಯಲ್ಲಿ ಐದಾರು ಮಕ್ಕಳಿದ್ದರು. ಅಪ್ಪ ಒಂದೊಂದು ತಂಗುದಾಣದ ಬಳಿ ಒಬ್ಬೊಬ್ಬರನ್ನು ನಿಲ್ಲಿಸಿದ. ಎಲ್ಲರಿಗಿಂತ ದೂರದಲ್ಲಿದ್ದ ಮಗು ದುಂಬಿ ಬಂದೊಡನೆ ಕೂಗಬೇಕು. ಅದನ್ನು ಕೇಳಿದ ಮುಂದಿನ ಮಗು ತನ್ನಲ್ಲಿಗೆ ಬಂದಾಗ ಕೂಗಬೇಕು. ಹೀಗೆ ಕೂಗು ಒಬ್ಬರಿಂದ ಒಬ್ಬರಿಗೆ ದಾಟುತ್ತ ಕೊನೆಗೆ ಅಪ್ಪ ನಿಂತಲ್ಲಿಗೆ ಬರುತ್ತಿತ್ತು, ಜೊತೆಯಲ್ಲೇ ದುಂಬಿಯೂ. ದಾರಿಯ ಒಂದು ಭಾಗ ಪೊದೆ ಮುಚ್ಚಿದ ಒಣ ಹಳ್ಳದೊಳಗೆ ಹಾಯುತ್ತಿತ್ತು. ದೊಡ್ಡವರು ನುಗ್ಗಲಾಗದ ಅಲ್ಲಿಗೆ ಮಕ್ಕಳೇ ತೆವಳಿ ಹೋಗಿ ಹೊಟ್ಟೆಯ ಮೇಲೆ ಮಲಗಿ ಕಾದರು. ಹೀಗೆ ಸುಮಾರು 75 ಅಡಿ ದಾರಿ ಪತ್ತೆಯಾಯಿತು. ಆ ಹಳ್ಳದಲ್ಲಿ ಬಟ್ಟೆ ಕೊಳೆಮಾಡಿಕೊಂಡು ಮಲಗಿದ್ದ ಮಕ್ಕಳಲ್ಲಿ ಮೂವರು, ಜಾರ್ಜ್, ಫ್ರಾನ್ಸಿಸ್, ಹೊರೇಸ್, ಮುಂದೆ ರಾಯಲ್ ಸೊಸೈಟಿಯ ಸದಸ್ಯರಾದರು ಎಂಬ ಮಾತನ್ನು ಇಲ್ಲಿ ಸೇರಿಸಲು ಆಸೆಯಾಗುತ್ತದೆ. ಆದರೆ 1854ರಲ್ಲಿ ಹೊರೇಸ್‌ಗೆ ಮೂರು ವರ್ಷ. ಅವನ ಪಾಲು ಎಷ್ಟಿತ್ತೋ, ಉಳಿದಿಬ್ಬರ ಲೆಕ್ಕದಲ್ಲೇ ತೃಪ್ತಿಪಡೋಣ.

ಡಾರ್ವಿನ್‌ಗೆ ಕೊನೆಯವರೆಗೂ ಬಿಡಿಸಲಾಗದ ಒಗಟೊಂದು ಉಳಿಯಿತು. ಮರುವರ್ಷವೂ ದುಂಬಿಗಳು ಹಿಂದಿನ ವರ್ಷದ ತಾಣಗಳಲ್ಲೇ ತಂಗುತ್ತಿದ್ದವು. ಗಂಡು ದುಂಬಿ ಬದುಕುವುದು ಒಂದು ಋತು. ಹೋದ ವರ್ಷದ ದಾರಿಯನ್ನು ಈ ವರ್ಷದವಕ್ಕೆ ತೋರಿಸಿಕೊಡುವವರು ಯಾರು? ಗಂಡುಗಳು ತಲೆಯ ಗ್ರಂಥಿಯಿಂದ ಪರಿಮಳದ ಗುರುತು ಹಚ್ಚಿ ದಾರಿ ಮಾಡುತ್ತವೆ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ತಿಳಿಯಿತು. ಆತ ನೋಡಿದ್ದೆಲ್ಲ ಮೂಗಿನ ಲೋಕದ ಹೆದ್ದಾರಿ. ಕಣ್ಣು ಕಿವಿಗಳಿಂದ ಅದನ್ನು ಅಷ್ಟು ನಿಖರವಾಗಿ ಹಿಡಿದದ್ದೇ ಆ ಮಕ್ಕಳ ಸಾಧನೆ.

ಬಂಬಲ್‌ಬೀ ತಂಪು ಸೀಮೆಯ ಕೀಟ, ಭಾರತದಲ್ಲಿ ಅದರ ನೆಲೆ ಹಿಮಾಲಯ. ನಮ್ಮ ಹಿತ್ತಲಿನ ದೊಡ್ಡ ಕಪ್ಪು ದುಂಬಿ ಬೇರೆ ಜಾತಿ, ಮರ ಕೊರೆದು ಗೂಡು ಮಾಡುವಂಥದ್ದು. ಅದರ ಗಂಡುಗಳೂ ಒಂದು ಜಾಗ ಹಿಡಿದು ಗಾಳಿಯಲ್ಲೇ ನಿಂತು ಬಂದವರನ್ನೆಲ್ಲ ಓಡಿಸುತ್ತವೆ. ಕೂಗು ದಾಟಿಸುವ ಆಟಕ್ಕೆ ಚಿಟ್ಟೆಯೂ ಆದೀತು. ರಜೆಗೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೆಲ್ಲ ಒಂದೇ ಮನೆಯಲ್ಲಿ ಸೇರಿದಾಗ ಇದಕ್ಕಿಂತ ಒಳ್ಳೆಯ ಆಟ ನನಗೆ ತೋಚುವುದಿಲ್ಲ. ಹತ್ತು ಜನರಿದ್ದರೆ ಹತ್ತು ಕಣ್ಣುಗಾವಲು.

ಹುಲ್ಲಿನ ಮೊಳಕೆ ಬೆಳಕನ್ನು ಹೇಗೆ ಕಾಣುತ್ತದೆ ಎಂಬುದು ಫ್ರಾನ್ಸಿಸ್ ದೊಡ್ಡವನಾದ ಮೇಲೆ ಅಪ್ಪ ಮಗ ಸೇರಿ ಹೂಡಿದ ಆಟ. ಕ್ಯಾನರಿ ಹುಲ್ಲಿನ ಎಳೆ ಮೊಳಕೆ ಬೆಳಕಿನತ್ತ ಬಾಗುತ್ತದೆ. ತುದಿಗೆ ತವರದ ಹಾಳೆಯ ಪುಟ್ಟ ಟೋಪಿ ಹಾಕಿದರೆ ಬಾಗದು. ತುದಿ ಬಿಟ್ಟು ಕೆಳಗೆಲ್ಲ ಮರಳಿನಿಂದ ಮುಚ್ಚಿದರೂ ಬಾಗುತ್ತದೆ. ಕಾಣುವುದು ತುದಿ, ಬಾಗುವುದು ಕೆಳಗಿನ ಭಾಗ; ಹಾಗಾದರೆ ತುದಿಯಿಂದ ಕೆಳಕ್ಕೆ ಏನೋ ಸುದ್ದಿ ಇಳಿಯುತ್ತಿರಬೇಕು ಎಂದು 1880ರಲ್ಲಿ ಬರೆದರು. ಆ ಸುದ್ದಿಯ ಹೆಸರು ಆಕ್ಸಿನ್ ಎಂದು ಗೊತ್ತಾಗಲು ಅರ್ಧ ಶತಮಾನ ಬೇಕಾಯಿತು. ನವರಾತ್ರಿಯಲ್ಲಿ ಘಟ ಹಾಕುವ ಮನೆಗಳಲ್ಲಿ ಗೋಧಿ, ಜೋಳದ ಸಸಿಗಳು ಕತ್ತಲಲ್ಲಿ ಹಳದಿಯಾಗಿ ನೀಳವಾಗಿ ಏಳುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಬೇರೆ ಕುಂಡದಲ್ಲಿ ನಾಲ್ಕು ಗೋಧಿ ಮೊಳಕೆಗೆ ಟೋಪಿ ಹಾಕಿ, ನಾಲ್ಕಕ್ಕೆ ಹಾಕದೆ, ಪಕ್ಕದಲ್ಲಿ ತೂತಿರುವ ಚಪ್ಪಲಿ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟರೆ ಸಾಕು.

ಇನ್ನು ಎರೆಹುಳು. ಡಾರ್ವಿನ್ನನ ಕೊನೆಯ ಪುಸ್ತಕ ಅದರ ಮೇಲೆಯೇ, 1881ರದ್ದು. ಆ ಪುಸ್ತಕದಲ್ಲಿ ಇಡೀ ಸಂಸಾರದ ಸದ್ದು ಕೇಳುತ್ತದೆ. ಹುಳುಗಳಿಗೆ ಕಿವಿಯಿದೆಯೇ ಎಂದು ನೋಡಲು ಕುಂಡದ ಮುಂದೆ ಫ್ರಾನ್ಸಿಸ್ ಬಾಸೂನ್ ವಾದ್ಯ ಊದಿದ, ಪುಟ್ಟ ಮೊಮ್ಮಗ ಬರ್ನಾರ್ಡ್ ಸೀಟಿ ಊದಿದ, ಎಮ್ಮಾ ಪಿಯಾನೊ ನುಡಿಸಿದಳು. ಹುಳುಗಳು ಕದಲಲಿಲ್ಲ. ಆಮೇಲೆ ಕುಂಡಗಳನ್ನು ಪಿಯಾನೊದ ಮೇಲೆಯೇ ಇಟ್ಟು ಒಂದು ಸ್ವರ ಒತ್ತಿದಾಗ ತಟ್ಟನೆ ಬಿಲದೊಳಗೆ ಸೇರಿಕೊಂಡವು. ಗಾಳಿಯ ಸದ್ದು ಅವಕ್ಕೆ ಕೇಳದು, ನೆಲದ ಕಂಪನ ತಿಳಿಯುತ್ತದೆ.

ಹುಳುಗಳಿಗೆ ಬುದ್ಧಿಯಿದೆಯೇ ಎಂಬುದು ಮುಂದಿನ ಪ್ರಶ್ನೆ. ಇಂಗ್ಲೆಂಡಿನ ಎರೆಹುಳು ಬಿಲದ ಬಾಯಿಗೆ ಎಲೆ ಎಳೆದು ಮುಚ್ಚುತ್ತದೆ. ಚೂಪು ತುದಿಯಿಂದ ಎಳೆದರೆ ಸಲೀಸು. ಅದು ರೂಢಿಯೋ ವಿವೇಕವೋ? ಅದುವರೆಗೆ ಯಾವ ಹುಳುವೂ ಕಂಡಿರದ ಎಲೆ ಬೇಕಿತ್ತು. ಅದಕ್ಕೆ ಕಾಗದದಲ್ಲಿ ನೀಳ ತ್ರಿಕೋನಗಳನ್ನು ಕತ್ತರಿಸಿ, ಮಳೆಗೆ ತೊಯ್ಯದಂತೆ ಕೊಬ್ಬು ಸವರಿ ಹರಡಿದರು. ಹುಳುಗಳು ಎಳೆದುಕೊಂಡ 303 ತ್ರಿಕೋನಗಳಲ್ಲಿ ನೂರಕ್ಕೆ 62 ಚೂಪು ತುದಿಯಿಂದಲೇ ಒಳಹೋಗಿದ್ದವು. ನಮ್ಮ ಹಿತ್ತಲಿನ ಎರೆಹುಳುಗಳು ಬೇರೆ ಜಾತಿಗಳು, ಎಲ್ಲವೂ ಎಲೆ ಎಳೆಯುವುದಿಲ್ಲ. ಆದರೂ ಮಳೆಗಾಲದ ರಾತ್ರಿ ಇಪ್ಪತ್ತು ತ್ರಿಕೋನ ಹರಡಿ ಬೆಳಗ್ಗೆ ಎದ್ದು ನೋಡುವ ಕುತೂಹಲವನ್ನು ಯಾಕೆ ಬಿಡಬೇಕು? ಗೊಬ್ಬರಕ್ಕೆಂದು ಮಾರುವ ಎರೆಹುಳು ತಂದು ಬಿಟ್ಟರೆ ಮಾತ್ರ ಆಟ ಕೆಡುತ್ತದೆ. ಅವು ಕೊಳೆತ ಕಸದ ಪದರದಲ್ಲಿ ಬದುಕುವಂಥವು, ಆಳಕ್ಕೆ ಬಿಲ ತೋಡುವುದಿಲ್ಲ.

ಎಲ್ಲ ಜಾತಿಗೂ ಒಪ್ಪುವ ಲೆಕ್ಕ ಹಿಕ್ಕೆಯದು. ಮಳೆ ನಿಂತ ಬೆಳಗ್ಗೆ ಹುಲ್ಲಿನ ನಡುವೆ ಸಣ್ಣ ಚಕ್ಕುಲಿ ಮುರುಕಿನಂತೆ ಕಾಣುವ ಮಣ್ಣಿನ ಗುಡ್ಡೆ ಅದು. ಡಾರ್ವಿನ್ನನ ಅಕ್ಕ ಕ್ಯಾರೊಲಿನ್ ಇದ್ದ ಲೀತ್ ಹಿಲ್ ಪ್ಲೇಸ್ ಬಳಿ ಎರಡು ಕಡೆ, ಗಜಕ್ಕೆ ಗಜದ ಚೌಕದಲ್ಲಿ ಒಂದು ವರ್ಷ ಬಿದ್ದ ಹಿಕ್ಕೆಯನ್ನೆಲ್ಲ ಮಹಿಳೆಯೊಬ್ಬರು ಹೆಕ್ಕಿ, ಒಣಗಿಸಿ, ತೂಗಿ ಕೊಟ್ಟರು. ಎಕರೆಯ ಲೆಕ್ಕಕ್ಕೆ ಒಂದು ಕಡೆ ಏಳೂವರೆ ಟನ್, ಇನ್ನೊಂದು ಕಡೆ ಹದಿನಾರು ಟನ್. ವರ್ಷಕ್ಕೆ ಎಕರೆಗೆ ಎರಡು ಲಾರಿ ಮಣ್ಣನ್ನು ಸದ್ದಿಲ್ಲದೆ ಕೆಳಗಿನಿಂದ ಮೇಲಕ್ಕೆ ಹೊತ್ತ ಕೂಲಿಗಳು! ಮೇಲೆ ಮಣ್ಣು ಬಿದ್ದಂತೆ, ಕೆಳಗೆ ಟೊಳ್ಳಾದಂತೆ, ನೆಲದ ಮೇಲಿನ ವಸ್ತುವೆಲ್ಲ ನಿಧಾನ ಇಳಿಯುತ್ತದೆ. ಅದನ್ನು ನೋಡಲು ಡಾರ್ವಿನ್ 1842ರ ಡಿಸೆಂಬರ್ 20ರಂದು, ಈ ಮನೆಗೆ ಬಂದ ಮೂರೇ ತಿಂಗಳಿಗೆ, ಪಕ್ಕದ ಹುಲ್ಲುಗಾವಲಿನ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರು ಹರಡಿಸಿದ್ದ. ಗುಂಡಿ ತೋಡಿ ನೋಡಿದ್ದು 1871ರ ನವೆಂಬರಿನಲ್ಲಿ. ಏಳು ಇಂಚು ಆಳದಲ್ಲಿ ಬಿಳಿ ಗೆರೆಯೊಂದು ಎಳೆದಂತೆ ಚೂರುಗಳು ಸಾಲಾಗಿದ್ದವು. ಹರಡಿದ ದಿನ ಹಿರಿಯ ಮಗ ವಿಲಿಯಂಗೆ ಮೂರು ತುಂಬಲು ಇನ್ನೊಂದು ವಾರವಿತ್ತು. ತೋಡುವ ಹೊತ್ತಿಗೆ ಅವನು ಸೌತಾಂಪ್ಟನ್ನಿನಲ್ಲಿ ಬ್ಯಾಂಕಿನ ಪಾಲುದಾರ. ಸುಣ್ಣದ ಚೂರು ಇಳಿಯುತ್ತಿದ್ದ ಆ 29 ವರ್ಷಗಳಲ್ಲೇ ಹತ್ತು ವರ್ಷದ ಆ್ಯನಿ 1851ರಲ್ಲಿ ತೀರಿಕೊಂಡಳು, ಕೊನೆಯ ಕೂಸು 1858ರಲ್ಲಿ. ಗುಂಡಿಯ ಬಿಳಿ ಗೆರೆಯ ಮೇಲೆ ಕೂತ ಏಳು ಇಂಚು ಮಣ್ಣು ಆ ಮನೆಯ ಇಡೀ ಸಂಸಾರದ ಕಾಲ.

ಹೊರೇಸ್ ಎಂಜಿನಿಯರ್, ಮುಂದೆ ಕೇಂಬ್ರಿಜ್‌ನಲ್ಲಿ ವಿಜ್ಞಾನದ ಉಪಕರಣಗಳ ಕಂಪನಿ ಕಟ್ಟಿದವನು. ಗುಂಡಿ ತೋಡಿ ನೋಡುವಷ್ಟು ಕಾಯಲು ಅವನಿಗೆ ಮನಸ್ಸಿರಲಿಲ್ಲ. ಇಳಿಯುವುದನ್ನು ಇಳಿಯುವಾಗಲೇ ಅಳೆಯಬೇಕು. ಅದಕ್ಕೇ ಆ ದುಂಡು ಕಲ್ಲು. ನಡುವಿನ ತೂತಿನಲ್ಲಿ ಲೋಹದ ಕಂಬಿ, ಅದು ಆಳದ ಗಟ್ಟಿ ನೆಲದವರೆಗೆ ಇಳಿದಿದೆ. ಕಂಬಿ ಕದಲುವುದಿಲ್ಲ, ಕಲ್ಲು ಇಳಿಯುತ್ತದೆ; ಎರಡರ ಅಂತರ ನೋಡಿದರೆ ಮುಗಿಯಿತು. 1901ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದ ಲೆಕ್ಕದಲ್ಲಿ ಕಲ್ಲು ವರ್ಷಕ್ಕೆ 2.22 ಮಿಲಿಮೀಟರ್ ಇಳಿದಿತ್ತು. ಮಳೆಗೆ ಮಣ್ಣು ಉಬ್ಬಿ ಕಲ್ಲನ್ನು ಎತ್ತುವುದನ್ನೂ, ಒಣಗಿದಾಗ ಕುಗ್ಗಿ ಇಳಿಸುವುದನ್ನೂ ಅವನು ಅದೇ ಕಲ್ಲಿನಲ್ಲಿ ಕಂಡ.

ಮಿಕ್ಸಿ ಬಂದ ಮೇಲೆ ಬೀಸುಕಲ್ಲು ಎಷ್ಟೋ ಮನೆಗಳಲ್ಲಿ ಹಿತ್ತಲ ಗೋಡೆಗೆ ಒರಗಿ ಕೂತಿದೆ. ತೂತಿರುವ ಮೇಲಿನ ಹೋಳು ಹೊರೇಸ್‌ನ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹುಲ್ಲಿನ ಮೇಲೆ ಸಮನಾಗಿ ಅಂಗಾತ ಇಡಿ. ತೂತಿನ ನಡುವೆ, ಕಲ್ಲಿಗೆ ತಾಗದಂತೆ, ಮನೆ ಕಟ್ಟುವ ಕಬ್ಬಿಣದ ಕಂಬಿಯನ್ನು ಇನ್ನು ಇಳಿಯದು ಎನ್ನುವವರೆಗೆ ಬಡಿಯಿರಿ. ಅದರ ತುದಿ ಕಲ್ಲಿನ ಮೈಗಿಂತ ಒಂದಿಂಚು ಕೆಳಗೇ ಇರಲಿ, ಓಡಾಡುವ ಕಾಲಿಗೆ ಚುಚ್ಚಬಾರದು. ನಮ್ಮಲ್ಲಿ ಎರೆಹುಳುವಿನ ಜೊತೆ ಇರುವೆ, ಗೆದ್ದಲುಗಳೂ ಮಣ್ಣು ಮೇಲೆ ತರುತ್ತವೆ. ಯಾರ ಪಾಲೆಷ್ಟು ಎಂದು ಕಲ್ಲು ಹೇಳದು. ಎರೆಮಣ್ಣಿನ ಊರುಗಳಲ್ಲಿ ನೆಲ ಉಬ್ಬಿ ಕುಗ್ಗುವುದು ಬಹಳ, ಆದ್ದರಿಂದ ಅಳೆಯುವುದು ಪ್ರತಿವರ್ಷ ಒಂದೇ ಹೊತ್ತಿಗಾಗಲಿ. ಯುಗಾದಿಯ ಬೆಳಗ್ಗೆ ಆದೀತು. ಅಂದೇ ಬಾಗಿಲ ಚೌಕಟ್ಟಿಗೆ ಮಕ್ಕಳನ್ನು ನಿಲ್ಲಿಸಿ ಎತ್ತರದ ಗೀಟನ್ನೂ ಹಾಕಬಹುದು. ಡೌನ್‌ನ ವೇಗದಲ್ಲೇ ಇಳಿದರೆ ಆ ಒಂದಿಂಚು ತೀರಲು ಹನ್ನೊಂದು ವರ್ಷ ಬೇಕು. ಮೊದಲ ಅಳತೆಯ ಪಕ್ಕದಲ್ಲಿ ಆ ದಿನ ಸ್ಕೇಲು ಹಿಡಿದವರ ಹೆಸರನ್ನೂ ಬರೆದಿಡಿ.